ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ವಾಚನದ ಅರ್ಥಗ್ರಹಣವನ್ನು ಪರೀಕ್ಷಿಸುವ ಬಗೆ

೧. ಪ್ರಸ್ತಾವನೆ

ಓದುವುದೆಂದರೆ ಅಕ್ಷರಗಳನ್ನು ಗುರುತಿಸಿ ಉಚ್ಚರಿಸುವುದಷ್ಟೇ ಅಲ್ಲ, ಬರೆದುದರ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳುವುದು ಎಂಬ ಮಾತನ್ನು ಯಾವ ಅಧ್ಯಾಪಕರೂ ಅಲ್ಲಗಳೆಯಲಾರರು. ಆದರೆ ಪರೀಕ್ಷೆಯ ಸಮಯ ಬಂದೊಡನೆ ಈ ಮಾತು ಹಿಂದೆ ಸರಿಯುತ್ತದೆ. ತರಗತಿಯಲ್ಲಿ ಎದ್ದುನಿಂತು ಪಾಠವನ್ನು ತಡವರಿಸದೆ ಓದಿದ ಹುಡುಗನನ್ನು ನಾವು 'ಚೆನ್ನಾಗಿ ಓದುತ್ತಾನೆ' ಎನ್ನುತ್ತೇವೆ. ಪಾಠದ ಕೊನೆಯ ಪ್ರಶ್ನೆಗಳಿಗೆ ಪಾಠದ ವಾಕ್ಯಗಳನ್ನೇ ಎತ್ತಿ ಬರೆದ ಹುಡುಗಿಗೆ ಪೂರ್ಣ ಅಂಕಗಳನ್ನು ಕೊಡುತ್ತೇವೆ. ಇಬ್ಬರಿಗೂ ಓದಿದ್ದು ಅರ್ಥವಾಗಿರಬಹುದು, ಆಗದೆಯೂ ಇರಬಹುದು. ಎರಡರಲ್ಲಿ ಯಾವುದು ನಿಜವೆಂಬುದನ್ನು ಆ ಪರೀಕ್ಷೆ ನಮಗೆ ತಿಳಿಸುವುದಿಲ್ಲ.

ಈ ಕೊರತೆ ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳ ವಿಷಯದಲ್ಲಿ ಹೆಚ್ಚು ಹಾನಿಕರವಾದುದು. ಕೆಳಗಿನ ತರಗತಿಗಳಲ್ಲಿ ಮಗು ಓದುವುದನ್ನು ಕಲಿಯುತ್ತದೆ; ಇಲ್ಲಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ವಿಜ್ಞಾನ, ಸಮಾಜ ಪರಿಚಯ, ಗಣಿತದ ಮಾತಿನ ಲೆಕ್ಕಗಳು ಎಲ್ಲವೂ ಬರೆಹದ ಮೂಲಕವೇ ಬರುತ್ತವೆ. ಓದಿದ್ದು ಅರ್ಥವಾಗದ ಮಗು ಲೆಕ್ಕದಲ್ಲಿ ಹಿಂದೆ ಬಿದ್ದರೆ ನಾವು ಅದನ್ನು ಲೆಕ್ಕದ ದೋಷವೆಂದೇ ಎಣಿಸುತ್ತೇವೆ. ಅಲ್ಲದೆ, ಕನ್ನಡದಲ್ಲಿ ಅಕ್ಷರಕಲಿಕೆಯೇ ದೀರ್ಘಕಾಲದ ಕೆಲಸ. ವರ್ಣಮಾಲೆಯ ೪೯ ಅಕ್ಷರಗಳಿಂದ ಗುಣಿತಾಕ್ಷರ ಒತ್ತಕ್ಷರಗಳು ಕೂಡಿ ನೂರಾರು ರೂಪಗಳಾಗುತ್ತವೆ. ಇವುಗಳನ್ನು ಪೂರ್ಣವಾಗಿ ವಶಮಾಡಿಕೊಳ್ಳುವ ಕೆಲಸ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದೆಂದು ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಹೀಗಿರುವಾಗ, ಹಿಂದೆ ಬಿದ್ದ ಮಗುವಿಗೆ ಅಡ್ಡಿಯಾಗಿರುವುದು ಅಕ್ಷರವೋ ಅರ್ಥವೋ ಎಂಬುದನ್ನು ಬೇರ್ಪಡಿಸಿ ತಿಳಿಯುವುದು ಅಧ್ಯಾಪಕರ ಮೊದಲ ಕರ್ತವ್ಯವಾಗುತ್ತದೆ.

ಈ ಲೇಖನದಲ್ಲಿ ನಾವು ಪ್ರತಿಪಾದಿಸುವ ತತ್ತ್ವ ಒಂದೇ: ಗದ್ಯಖಂಡವನ್ನು ಓದದೆ ಉತ್ತರಿಸಬಹುದಾದ ಪ್ರಶ್ನೆಯಾಗಲಿ, ಓದಿಯೂ ಅರ್ಥಮಾಡಿಕೊಳ್ಳದೆ ಉತ್ತರಿಸಬಹುದಾದ ಪ್ರಶ್ನೆಯಾಗಲಿ ಅರ್ಥಗ್ರಹಣದ ಪರೀಕ್ಷೆಯಲ್ಲ. ಸರಳವಾಗಿ ತೋರುವ ಈ ನಿಯಮವನ್ನು ಪಾಲಿಸುವುದು ಎಷ್ಟು ಕಷ್ಟ, ಪಾಲಿಸುವ ಬಗೆ ಹೇಗೆ ಎಂಬುದನ್ನು ಮುಂದೆ ವಿವರಿಸುತ್ತೇವೆ.

೨. ಅರ್ಥಗ್ರಹಣದ ಸ್ವರೂಪ

ಓದುವಿಕೆಯೂ ಒಂದು ಬಗೆಯ ವಿಚಾರಕ್ರಿಯೆಯೆಂದು ಸ್ಪಷ್ಟವಾಗಿ ಹೇಳಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಮುಖ್ಯನಾದವನು. ಅವನು ೧೯೧೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಒಂದು ಊರಿನ ಶಾಲಾ ಹಾಜರಿಯ ನಿಯಮವನ್ನು ಹೇಳುವ ಪುಟ್ಟ ಗದ್ಯಖಂಡವನ್ನು ಓದಿದ ಮಕ್ಕಳು ಕೊಟ್ಟ ತಪ್ಪು ಉತ್ತರಗಳನ್ನು ವಿಶ್ಲೇಷಿಸಿದ್ದಾನೆ. ಆ ತಪ್ಪುಗಳು ಅಜಾಗರೂಕತೆಯಿಂದ ಆದುವಲ್ಲ. ಖಂಡದ ಯಾವುದೋ ಒಂದು ಪದ ಮಗುವಿನ ಮನಸ್ಸಿನಲ್ಲಿ ಅತಿಯಾದ ಬಲವನ್ನು ಪಡೆದು ಉಳಿದ ಪದಗಳನ್ನು ಮುಚ್ಚಿಬಿಡುತ್ತಿತ್ತು. ಅಥವಾ ಮುಖ್ಯವಾದ ಪದವೊಂದು ಬಲಹೀನವಾಗಿ ಉಳಿಯುತ್ತಿತ್ತು. ಪ್ರತಿಯೊಂದು ಪದಕ್ಕೂ ತಕ್ಕ ತೂಕವನ್ನು ಕೊಟ್ಟು, ಅವುಗಳ ಸಂಬಂಧವನ್ನು ಸರಿಯಾಗಿ ಕಲ್ಪಿಸಿಕೊಳ್ಳುವುದು ಲೆಕ್ಕವನ್ನು ಬಿಡಿಸುವಂತಹ ಕೆಲಸವೆಂದು ಅವನು ತೀರ್ಮಾನಿಸಿದನು.

ಅನಂತರ ಫ್ರೆಡರಿಕ್ ಡೇವಿಸ್ ೧೯೪೪ರಲ್ಲಿ ಅರ್ಥಗ್ರಹಣವನ್ನು ಒಂಬತ್ತು ಕೌಶಲಗಳಾಗಿ ವಿಂಗಡಿಸಿ ಪರೀಕ್ಷಿಸಿದಾಗ, ಪದಾರ್ಥಜ್ಞಾನ ಮತ್ತು ಓದಿದ್ದರಿಂದ ತರ್ಕಿಸುವ ಶಕ್ತಿ ಇವೆರಡೇ ಅವುಗಳಲ್ಲಿ ಪ್ರಧಾನವಾಗಿ ಕಂಡುಬಂದುವು. ಗಫ್ ಮತ್ತು ಟನ್‌ಮರ್ ೧೯೮೬ರಲ್ಲಿ ಇನ್ನೊಂದು ದೃಷ್ಟಿಯನ್ನು ಮುಂದಿಟ್ಟರು. ಅವರ ಪ್ರಕಾರ ವಾಚನವು ಅಕ್ಷರವನ್ನು ಬಿಡಿಸಿ ಓದುವ ಶಕ್ತಿ, ಭಾಷೆಯನ್ನು ಕೇಳಿ ತಿಳಿಯುವ ಶಕ್ತಿ ಇವೆರಡರ ಗುಣಲಬ್ಧ. ಗುಣಲಬ್ಧವೆಂಬುದು ಗಮನಾರ್ಹ, ಎರಡರಲ್ಲಿ ಒಂದು ಶೂನ್ಯವಾದರೆ ಫಲವೂ ಶೂನ್ಯ.

ಈ ವಿಚಾರಗಳು ಇಂದಿನ ದೊಡ್ಡ ಸಮೀಕ್ಷೆಗಳಲ್ಲಿಯೂ ಕಾಣುತ್ತವೆ. ೨೦೦೧ರಿಂದ ಐದು ವರ್ಷಗಳಿಗೊಮ್ಮೆ ನಡೆಯುತ್ತಿರುವ 'ಪರ್ಲ್ಸ್' ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯು ನಾಲ್ಕನೆಯ ತರಗತಿಯ ಮಕ್ಕಳ ಓದನ್ನು ನಾಲ್ಕು ಬಗೆಗಳಲ್ಲಿ ಪರೀಕ್ಷಿಸುತ್ತದೆ: ಹೇಳಿದ ವಿಷಯವನ್ನು ಹುಡುಕುವುದು, ನೇರವಾದ ಊಹೆ, ವಿಷಯಗಳನ್ನು ಜೋಡಿಸಿ ವ್ಯಾಖ್ಯಾನಿಸುವುದು, ಬರೆಹವನ್ನು ವಿಮರ್ಶಿಸುವುದು. ನಮ್ಮ ದೇಶದಲ್ಲಿ ೨೦೦೫ರಲ್ಲಿ ಆರಂಭವಾದ 'ಅಸರ್' ಸಮೀಕ್ಷೆಯ ಉದ್ದೇಶ ಬೇರೆ. ಅದರಲ್ಲಿ ಮಗು ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ವಾಕ್ಯಗಳು, ಎರಡನೆಯ ತರಗತಿಯ ಮಟ್ಟದ ಕಥೆ ಇವುಗಳಲ್ಲಿ ಎಲ್ಲಿಯವರೆಗೆ ಗಟ್ಟಿಯಾಗಿ ಓದಬಲ್ಲದೆಂಬುದನ್ನು ನೋಡುತ್ತಾರೆ. ತಳಹದಿ ಇದೆಯೇ ಎಂದು ತಿಳಿಯಲು ಇದು ಉಪಯುಕ್ತವಾದ ಸಾಧನ. ಆದರೆ ತಳಹದಿಯ ಮೇಲೆ ಕಟ್ಟಡ ಎದ್ದಿದೆಯೇ ಎಂಬುದನ್ನು ಇದರಿಂದ ಅಳೆಯಲಾಗದು. ಆ ಕೆಲಸ ತರಗತಿಯ ಅಧ್ಯಾಪಕರ ಪಾಲಿನದು.

೩. ಅರ್ಥವಿಲ್ಲದೆಯೂ ಬರುವ ಉತ್ತರ

ಕೆಳಗಿನ ವಾಕ್ಯವನ್ನು ನೋಡಬಹುದು.

"ಜಬುರದ ತೊಪಿಲೆಗಳು ಮುಸ್ಸಂಜೆಯಲ್ಲಿ ಮಿಡುರುತ್ತಿದ್ದುವು."

ಇದರಲ್ಲಿ ಮೂರು ಪದಗಳಿಗೆ ಅರ್ಥವೇ ಇಲ್ಲ. ಅವನ್ನು ನಾವು ಕಲ್ಪಿಸಿದ್ದೇವೆ. ಆದರೂ 'ಮುಸ್ಸಂಜೆಯಲ್ಲಿ ಮಿಡುರುತ್ತಿದ್ದುವು ಯಾವುವು?' ಎಂದು ಕೇಳಿದರೆ, ಕನ್ನಡ ಬಲ್ಲ ಯಾವ ಮಗುವಾದರೂ 'ಜಬುರದ ತೊಪಿಲೆಗಳು' ಎಂದು ಬರೆದು ಅಂಕವನ್ನು ಪಡೆಯಬಲ್ಲದು. ಷಷ್ಠೀ ವಿಭಕ್ತಿ, ಬಹುವಚನ, ಕ್ರಿಯಾಪದದ ಪ್ರತ್ಯಯ ಇವೇ ಉತ್ತರವನ್ನು ತೋರಿಸಿಕೊಡುತ್ತವೆ. ಪಠ್ಯಪುಸ್ತಕಗಳ ಅಭ್ಯಾಸಗಳಲ್ಲಿ 'ಯಾರು', 'ಎಲ್ಲಿ', 'ಯಾವಾಗ' ಎಂದು ಆರಂಭವಾಗುವ ಪ್ರಶ್ನೆಗಳಲ್ಲಿ ಎಷ್ಟೋ ಈ ಜಾತಿಯವು. ಪ್ರಶ್ನೆಯ ಪದಗಳನ್ನು ಪಾಠದಲ್ಲಿ ಹುಡುಕಿ, ಆ ವಾಕ್ಯವನ್ನು ನಕಲು ಮಾಡುವ ಚಾತುರ್ಯವನ್ನು ಮಗು ಬೇಗನೆ ಕಲಿಯುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ; ನಾವು ಯಾವುದಕ್ಕೆ ಅಂಕ ಕೊಡುತ್ತೇವೋ ಅದನ್ನೇ ಅದು ಕಲಿತಿದೆ.

ಪ್ರತ್ಯಯಗಳು ಅರ್ಥವಿಲ್ಲದ ಉತ್ತರಕ್ಕೆ ದಾರಿಯಾಗುವಂತೆಯೇ ನಿಜವಾದ ಅರ್ಥಕ್ಕೆ ಬೀಗದ ಕೈಯೂ ಆಗಿವೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುವುದು. ಕರ್ತೃಪದ ಅನೇಕ ವೇಳೆ ಲೋಪವಾಗುವುದು. 'ಅದು', 'ತಾನು' ಎಂಬ ಸರ್ವನಾಮಗಳು ಹಿಂದಿನ ವಾಕ್ಯಕ್ಕೆ ಕೈಚಾಚುವುವು. 'ಊ', 'ಏ', 'ಅರೂ', 'ಅದೆ' ಎಂಬ ಸಣ್ಣ ಪ್ರತ್ಯಯಗಳು ವಾಕ್ಯದ ಭಾವವನ್ನೇ ತಿರುಗಿಸಿಬಿಡುವುವು. ಉತ್ತಮವಾದ ಪ್ರಶ್ನೆಯು ಈ ಕೀಲುಗಳ ಮೇಲೆ ನಿಲ್ಲತಕ್ಕದ್ದು.

೪. ಒಂದು ಗದ್ಯಖಂಡ ಮತ್ತು ಅದರ ಪ್ರಶ್ನೆಗಳು

ಉದಾಹರಣೆಗಾಗಿ, ಆರನೆಯ ತರಗತಿಗೆ ತಕ್ಕುದೆಂದು ನಾವು ರಚಿಸಿದ ಗದ್ಯಖಂಡವೊಂದನ್ನು ಇಲ್ಲಿ ಕೊಡುತ್ತೇವೆ.

"ಕೆರೆಯ ತೂಬನ್ನು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ ನೀರಗಂಟಿ ಮಾರಯ್ಯನದು. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಕೆರೆಯಲ್ಲಿ ಕಾಲುಭಾಗ ನೀರು ಮಾತ್ರ ನಿಂತಿತ್ತು. ಒಂದು ಸಂಜೆ ಊರಿನ ಸಾಹುಕಾರರು ಬಂದು, 'ಈ ರಾತ್ರಿ ನಮ್ಮ ಕಾಲುವೆಗೆ ಒಂದು ಗಳಿಗೆ ಹೆಚ್ಚು ನೀರು ಬಿಡು, ಮಾರಯ್ಯ. ಯಾರಿಗೂ ತಿಳಿಯುವುದಿಲ್ಲ' ಎಂದರು. ಮಾರಯ್ಯ ಏನೂ ಹೇಳಲಿಲ್ಲ. ತನ್ನ ತುಂಡು ಗದ್ದೆಯತ್ತ ಒಮ್ಮೆ ನೋಡಿದ. ತೂಬಿಗೆ ತೀರ ಹತ್ತಿರವಿದ್ದರೂ ಅದು ಬಿರುಕು ಬಿಟ್ಟಿತ್ತು. ಸಾಹುಕಾರರೂ ಆ ಕಡೆ ನೋಡಿದರು. ಮತ್ತೆ ಮಾತನಾಡದೆ ಮನೆಯ ದಾರಿ ಹಿಡಿದರು."

ಈ ಖಂಡದ ಮೇಲೆ ಕೇಳಬಹುದಾದ ಪ್ರಶ್ನೆಗಳನ್ನು ಮಟ್ಟಕ್ಕನುಸಾರವಾಗಿ ಪರಿಶೀಲಿಸೋಣ.

'ಕೆರೆಯಲ್ಲಿ ಎಷ್ಟು ನೀರು ನಿಂತಿತ್ತು?' ಎಂಬುದು ಹುಡುಕಿ ಎತ್ತುವ ಪ್ರಶ್ನೆ. ಇದನ್ನು ಕೇಳಬಾರದೆಂದಲ್ಲ, ಮಗುವಿಗೆ ಧೈರ್ಯ ತುಂಬಲು ಮೊದಲಲ್ಲಿ ಇಂತಹದೊಂದು ಇರಬಹುದು. ಆದರೆ 'ಆ ವರ್ಷದ ಮಳೆಗಾಲ ಹೇಗಿತ್ತು?' ಎಂದು ಕೇಳಿದರೆ ಉತ್ತರದ ಪದಗಳು ಖಂಡದಲ್ಲಿ ದೊರೆಯುವುದಿಲ್ಲ. 'ಮುಂಗಾರು ಕೈಕೊಟ್ಟಿತ್ತು' ಎಂಬುದನ್ನು ತಿಳಿದೇ ಹೇಳಬೇಕಾಗುತ್ತದೆ. 'ಕೈಕೊಟ್ಟಿತ್ತು' ಎಂಬ ನುಡಿಗಟ್ಟಿನ ಅರ್ಥವನ್ನು ಕೇಳುವಾಗ 'ನೆರವಾಗಿತ್ತು' ಎಂಬುದನ್ನು ಆಯ್ಕೆಗಳಲ್ಲಿ ಇಡಬಹುದು. ಪದವನ್ನು ಅಕ್ಷರಶಃ ಹಿಡಿಯುವ ಮಗು ಅದನ್ನು ಆರಿಸುತ್ತದೆ, ಮುಂದಿನ ವಾಕ್ಯದೊಡನೆ ಹೋಲಿಸಿ ನೋಡುವ ಮಗು ಬಿಡುತ್ತದೆ.

'ಬಿರುಕು ಬಿಟ್ಟದ್ದು ಯಾವುದು?' 'ಮನೆಯ ದಾರಿ ಹಿಡಿದವರು ಯಾರು?' ಎಂಬ ಎರಡು ಪ್ರಶ್ನೆಗಳು ಸಂಬಂಧಜ್ಞಾನವನ್ನು ಪರೀಕ್ಷಿಸುತ್ತವೆ. ಮೊದಲನೆಯದರಲ್ಲಿ 'ಅದು' ಎಂಬುದು ಹಿಂದಿನ ವಾಕ್ಯದ ಗದ್ದೆಯನ್ನು ಸೂಚಿಸುತ್ತದೆ. ಸಮೀಪದ ಪದವನ್ನೇ ಹಿಡಿಯುವ ಮಗು 'ತೂಬು' ಎನ್ನುವುದು. ಎರಡನೆಯದರಲ್ಲಿ ಕರ್ತೃಪದ ಲೋಪವಾಗಿದೆ.

'ಸಾಹುಕಾರರು ಮತ್ತೆ ಮಾತನಾಡದೆ ಹಿಂದಿರುಗಿದ್ದೇಕೆ?' ಎಂಬುದು ಈ ಖಂಡದ ಹೃದಯವನ್ನು ಮುಟ್ಟುವ ಪ್ರಶ್ನೆ. ಇದರ ಉತ್ತರವನ್ನು ಯಾವ ವಾಕ್ಯವೂ ಹೇಳುವುದಿಲ್ಲ. ತೂಬು ಮಾರಯ್ಯನ ಕೈಯಲ್ಲಿದೆ. ಅವನ ಗದ್ದೆ ತೂಬಿನ ಪಕ್ಕದಲ್ಲಿದೆ. ಆದರೂ ಅದು ಒಣಗಿದೆ. ಇವನ್ನು ಜೋಡಿಸಿದಾಗ ಅವನು ಎಂತಹ ಮನುಷ್ಯನೆಂಬುದು ಹೊಳೆಯುತ್ತದೆ. 'ಹತ್ತಿರವಿದ್ದರೂ' ಎಂಬಲ್ಲಿನ ಕೊನೆಯ ಪ್ರತ್ಯಯವನ್ನು ಗಮನಿಸದವನಿಗೆ ಬಾಗಿಲು ತೆರೆಯದು. ಇದನ್ನು ಆಯ್ಕೆಯ ಪ್ರಶ್ನೆಯಾಗಿ ಹೀಗೆ ರಚಿಸಬಹುದು:

(ಅ) ಮಾರಯ್ಯ ನೀರು ಬಿಡಲು ಮೌನವಾಗಿ ಒಪ್ಪಿದನೆಂದು ಸಂತೋಷವಾದುದರಿಂದ
(ಆ) ಮಾರಯ್ಯ ತಮ್ಮ ಮಾತಿಗೆ ಉತ್ತರ ಕೊಡಲಿಲ್ಲವೆಂದು ಕೋಪ ಬಂದುದರಿಂದ
(ಇ) ತನ್ನ ಗದ್ದೆಗೇ ನೀರು ಬಿಡದವನು ತಮಗೂ ಬಿಡನೆಂದು ತಿಳಿದುದರಿಂದ
(ಈ) ಕೆರೆಯ ನೀರು ಪೂರ್ತಿಯಾಗಿ ಬತ್ತಿಹೋಗಿದೆಯೆಂದು ತಿಳಿದುದರಿಂದ

ಇಲ್ಲಿ ಪ್ರತಿಯೊಂದು ತಪ್ಪು ಆಯ್ಕೆಗೂ ಒಂದು ಕೆಲಸವಿದೆ. (ಅ) ಆರಿಸಿದ ಮಗು 'ಮೌನಂ ಸಮ್ಮತಿ ಲಕ್ಷಣಂ' ಎಂಬ ಲೋಕದ ಮಾತನ್ನು ಖಂಡದ ಮೇಲೆ ಹೇರಿದೆ. (ಆ) ಆರಿಸಿದ ಮಗು 'ಏನೂ ಹೇಳಲಿಲ್ಲ' ಎಂಬ ವಾಕ್ಯದಲ್ಲಿಯೇ ನಿಂತಿದೆ. (ಈ) ಆರಿಸಿದ ಮಗು ಹೇಳಿದ ವಿಷಯವನ್ನೇ ಸರಿಯಾಗಿ ಗ್ರಹಿಸಿಲ್ಲ. ಹೀಗೆ ತಪ್ಪು ಉತ್ತರವೂ ಅಧ್ಯಾಪಕರಿಗೆ ಸುದ್ದಿಯನ್ನು ತರುವಂತಿರಬೇಕು. ನಾಲ್ಕು ಆಯ್ಕೆಗಳ ಉದ್ದವೂ ಸಮನಾಗಿರುವುದನ್ನು ಗಮನಿಸತಕ್ಕದ್ದು. ಸರಿಯುತ್ತರವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಬರೆಯುವ ಭರದಲ್ಲಿ ನಾವು ಅದನ್ನೇ ಅತಿ ಉದ್ದವಾಗಿ ಬರೆಯುವುದುಂಟು. ಜಾಣ ಮಕ್ಕಳು ಉದ್ದವನ್ನು ಅಳೆದೇ ಉತ್ತರಿಸುತ್ತಾರೆ.

ಕೊನೆಯಲ್ಲಿ 'ಈ ಖಂಡಕ್ಕೆ ತಕ್ಕ ಶೀರ್ಷಿಕೆ ಯಾವುದು?' ಎಂದು ಕೇಳಬಹುದು. 'ಬರಗಾಲ', 'ಕೆರೆಯ ನೀರು' ಎಂಬವು ಖಂಡದ ಒಂದು ಭಾಗವನ್ನು ಹಿಡಿಯುತ್ತವೆ. 'ನೀರಗಂಟಿಯ ನಿಷ್ಠೆ' ಎಂಬುದು ಇಡಿಯನ್ನು ಹಿಡಿಯುತ್ತದೆ. ಇದಕ್ಕೆ ಬದಲಾಗಿ 'ನೀರನ್ನು ಮಿತವಾಗಿ ಬಳಸಬೇಕು, ಏಕೆ?' ಎಂದು ಕೇಳಿದರೆ, ಪ್ರಶ್ನೆ ಒಳ್ಳೆಯದೇ ಆದರೂ, ಖಂಡವನ್ನು ಓದದ ಮಗುವೂ ಪುಟ ತುಂಬ ಬರೆಯಬಲ್ಲದು.

೫. ಪೂರ್ವಜ್ಞಾನದ ತೊಡಕು

ಈ ಕೊನೆಯ ಮಾತಿನಿಂದ ಒಂದು ದೊಡ್ಡ ಸಮಸ್ಯೆ ಎದುರಾಗುತ್ತದೆ. ಖಂಡವನ್ನೇ ಕೊಡದೆ ಪ್ರಶ್ನೆಗಳನ್ನು ಮಾತ್ರ ಕೊಟ್ಟರೂ ಮಕ್ಕಳು ಎಷ್ಟೋ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಬಲ್ಲರು. ಅಮೆರಿಕದಲ್ಲಿ ಪ್ರಚಾರದಲ್ಲಿದ್ದ ಐದು ಪ್ರಮುಖ ಪರೀಕ್ಷೆಗಳನ್ನು ಈ ದೃಷ್ಟಿಯಿಂದ ಶೋಧಿಸಿ ಟೌನ್‌ಮನ್ ಎಂಬ ವಿದ್ವಾಂಸರು ೧೯೭೦ರ ದಶಕದ ಆದಿಯಲ್ಲಿ ಈ ದೋಷವನ್ನು ಎತ್ತಿ ತೋರಿಸಿದರು.

ಪೂರ್ವಜ್ಞಾನದ ಬಲ ಎಷ್ಟೆಂಬುದಕ್ಕೆ ರೆಕ್ಟ್ ಮತ್ತು ಲೆಸ್ಲಿ ೧೯೮೮ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದ ನಿದರ್ಶನ. ಅವರು ಏಳು ಮತ್ತು ಎಂಟನೆಯ ತರಗತಿಗಳ ೬೪ ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ಒಂದು ವರ್ಣನೆಯನ್ನು ಓದಿಸಿದರು. ಓದಿನಲ್ಲಿ ಹಿಂದುಳಿದವರೆಂದು ಎಣಿಸಲ್ಪಟ್ಟಿದ್ದರೂ ಆಟವನ್ನು ಬಲ್ಲವರು, ಓದಿನಲ್ಲಿ ಮುಂದಿದ್ದು ಆಟವನ್ನು ಅರಿಯದವರಿಗಿಂತ ಚೆನ್ನಾಗಿ ವಿಷಯವನ್ನು ನೆನಪಿಗೆ ತಂದುಕೊಂಡರು. ನಮ್ಮ ನೀರಗಂಟಿಯ ಖಂಡಕ್ಕೂ ಈ ಮಾತು ಅನ್ವಯಿಸುತ್ತದೆ. ಕೆರೆಯ ಕೆಳಗಿನ ಊರಿನ ಮಗುವಿಗೆ ತೂಬು, ಸರದಿ, ಕಾಲುವೆ ಎಲ್ಲವೂ ಕಣ್ಣೆದುರಿನ ವಸ್ತುಗಳು. ಬೆಂಗಳೂರಿನ ಬಡಾವಣೆಯ ಮಗುವಿಗೆ ಅಲ್ಲ. ರೈಲು ನಿಲ್ದಾಣದ ಸೂಚನಾಫಲಕವನ್ನು ಕುರಿತ ಖಂಡವಾದರೆ ಈ ಲಾಭನಷ್ಟಗಳು ತಿರುಗುಮುರುಗಾಗುವುವು.

ಪೂರ್ವಜ್ಞಾನವನ್ನು ಪೂರ್ಣವಾಗಿ ತೆಗೆದುಹಾಕುವುದು ಸಾಧ್ಯವಿಲ್ಲ. ಅದಿಲ್ಲದೆ ಓದೇ ಇಲ್ಲ. ಸಾಧ್ಯವಿರುವುದು ಅದನ್ನು ಹಂಚುವುದು. ಒಂದೇ ದೀರ್ಘವಾದ ಖಂಡಕ್ಕೆ ಬದಲು, ಬೇರೆ ಬೇರೆ ವಿಷಯಗಳ ಐದಾರು ಚಿಕ್ಕ ಖಂಡಗಳನ್ನು ಕೊಡಬೇಕು; ಅವುಗಳಲ್ಲಿ ಕಥೆಯೂ, ವಿಷಯನಿರೂಪಣೆಯೂ, ಪ್ರಕಟಣೆ ಅಥವಾ ಕೋಷ್ಟಕವೂ ಇರಬೇಕು. ಅಪರೂಪದ ವಸ್ತುವನ್ನು ಖಂಡದೊಳಗೇ ಒಂದು ವಾಕ್ಯದಲ್ಲಿ ಪರಿಚಯಿಸಬೇಕು. 'ನೀರಗಂಟಿ' ಎಂಬ ಪದಕ್ಕೆ ಮೇಲಿನ ಖಂಡದ ಮೊದಲ ವಾಕ್ಯ ಈ ಉಪಕಾರವನ್ನು ಮಾಡಿದೆ. ತರಗತಿಯಲ್ಲಿ ಆಗಲೇ ಬೋಧಿಸಿದ ಪಾಠವನ್ನು ಮಾತ್ರ ಎಂದಿಗೂ ಬಳಸಬಾರದು. ಅದು ಸ್ಮರಣೆಯ ಪರೀಕ್ಷೆಯಾಗುವುದು.

೬. ಉತ್ತರದ ರೂಪ

ಮಗು ಉತ್ತರವನ್ನು ಬರೆದು ತಿಳಿಸಬೇಕೆಂದರೆ ಓದಿನ ಜೊತೆಗೆ ಬರೆಹವೂ ಪರೀಕ್ಷೆಗೆ ಒಳಗಾಗುತ್ತದೆ. ಮೇಲಿನ ಪ್ರಶ್ನೆಗೆ ಧಾರವಾಡದ ಕಡೆಯ ಮಗುವೊಂದು 'ಅಂವ ತನ್ನ ಗದ್ದಿಗೇ ನೀರು ಬಿಟ್ಟಿಲ್ಲ, ಇವರಿಗೆ ಹ್ಯಾಂಗ ಬಿಡ್ತಾನ' ಎಂದು ಬರೆದರೆ, ಅದರ ಅರ್ಥಗ್ರಹಣ ಪರಿಪೂರ್ಣವಾದುದು. ಗ್ರಾಂಥಿಕ ರೂಪವಿಲ್ಲವೆಂದು ಇಲ್ಲಿ ಅಂಕವನ್ನು ಕಳೆಯುವುದು ಅನ್ಯಾಯ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಅಥವಾ ಲಂಬಾಣಿಯನ್ನು ಆಡುವ ಮಕ್ಕಳ ವಿಷಯದಲ್ಲಿಯೂ ಹೀಗೆಯೇ. ಕಾಗುಣಿತ ವ್ಯಾಕರಣಗಳಿಗೆ ಬೇರೆ ಪರೀಕ್ಷೆಗಳಿವೆ. ಅರ್ಥಗ್ರಹಣದ ಅಂಕ ಅರ್ಥಕ್ಕೇ ಸಲ್ಲಬೇಕು.

ವಿಲ್ಸನ್ ಟೇಲರ್ ೧೯೫೩ರಲ್ಲಿ ರೂಪಿಸಿದ 'ಕ್ಲೋಜ್' ವಿಧಾನ ಇನ್ನೊಂದು ಸಾಧನ. ಖಂಡದಲ್ಲಿ ನಿಯತವಾದ ಅಂತರದಲ್ಲಿ, ಸಾಮಾನ್ಯವಾಗಿ ಐದಕ್ಕೊಂದರಂತೆ, ಪದಗಳನ್ನು ಅಳಿಸಿ ಓದುಗನಿಂದ ತುಂಬಿಸುವುದು ಇದರ ಕ್ರಮ. ಇದನ್ನು ಕನ್ನಡಕ್ಕೆ ತರುವಾಗ ವಿವೇಚನೆ ಬೇಕು. ಇಂಗ್ಲಿಷಿನಲ್ಲಿ ನಾಲ್ಕಾರು ಪದಗಳಾಗುವುದು ಕನ್ನಡದಲ್ಲಿ 'ಮನೆಯಲ್ಲಿದ್ದವರೆಲ್ಲರೂ' ಎಂದು ಒಂದೇ ಪದವಾಗುವುದುಂಟು. ಆದುದರಿಂದ ಐದಕ್ಕೊಂದು ಪದ ಅಳಿಸಿದರೆ ಕನ್ನಡದ ಮಗುವಿಗೆ ಆಗುವ ನಷ್ಟ ಹೆಚ್ಚು; ಅಂತರವನ್ನು ಏಳು ಅಥವಾ ಹತ್ತಕ್ಕೆ ವಿಸ್ತರಿಸಿ ನೋಡುವುದು ಉಚಿತ. 'ತನ್ನ ತುಂಡು ______ ಒಮ್ಮೆ ನೋಡಿದ' ಎಂಬಲ್ಲಿ 'ಗದ್ದೆಯತ್ತ' ಎಂಬುದೇ ಬರಬೇಕೆಂದು ಹಟ ಹಿಡಿಯದೆ, 'ಹೊಲದ ಕಡೆ' ಎಂದವನಿಗೂ ಪೂರ್ಣಾಂಕ ಕೊಡಬಹುದು. 'ಗದ್ದೆ' ಎಂದಷ್ಟೇ ಬರೆದವನು ವಸ್ತುವನ್ನು ಊಹಿಸಿದ್ದಾನೆ, ವಾಕ್ಯದ ಕಟ್ಟನ್ನು ಹಿಡಿದಿಲ್ಲ. ಈ ಎರಡನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳುವುದು ಉಪಯುಕ್ತ.

೭. ಪ್ರಶ್ನೆಗಳನ್ನೇ ಪರೀಕ್ಷಿಸುವುದು

ಮಕ್ಕಳನ್ನು ಪರೀಕ್ಷಿಸುವ ಮುನ್ನ ಪ್ರಶ್ನೆಗಳು ಪರೀಕ್ಷೆಗೆ ನಿಲ್ಲಬೇಕು. ಇದಕ್ಕೆ ದೊಡ್ಡ ಸಲಕರಣೆಗಳು ಬೇಕಿಲ್ಲ.

ಮೊದಲನೆಯದಾಗಿ, ಖಂಡವನ್ನು ಓದದ ಇನ್ನೊಂದು ತರಗತಿಗೆ ಪ್ರಶ್ನೆಗಳನ್ನು ಮಾತ್ರ ಕೊಟ್ಟು ನೋಡಬೇಕು. ನಾಲ್ಕು ಆಯ್ಕೆಗಳಿರುವಲ್ಲಿ ಬರಿಯ ಅದೃಷ್ಟದಿಂದಲೇ ನಾಲ್ಕರಲ್ಲೊಬ್ಬರು ಸರಿಯಾಗಿ ಉತ್ತರಿಸುವುದು ಸಹಜ. ಅದಕ್ಕಿಂತ ಬಹಳ ಮಂದಿ ಸರಿಯಾಗಿ ಬರೆದರೆ ಆ ಪ್ರಶ್ನೆಗೆ ಖಂಡದ ಅಗತ್ಯವಿಲ್ಲವೆಂದೇ ಅರ್ಥ.

ಎರಡನೆಯದಾಗಿ, ಪ್ರಶ್ನೆಯ ಭೇದಶಕ್ತಿಯನ್ನು, ಎಂದರೆ ಬಲ್ಲವರನ್ನೂ ಅರಿಯದವರನ್ನೂ ಬೇರ್ಪಡಿಸುವ ಶಕ್ತಿಯನ್ನು ಲೆಕ್ಕ ಹಾಕಬೇಕು. ಮೊತ್ತದ ಅಂಕಗಳಲ್ಲಿ ಮೇಲಿನ ಶೇಕಡ ೨೭ ಮತ್ತು ಕೆಳಗಿನ ಶೇಕಡ ೨೭ ವಿದ್ಯಾರ್ಥಿಗಳನ್ನು ಹೋಲಿಸುವ ರೂಢಿಗೆ ಟ್ರೂಮನ್ ಕೆಲಿ ೧೯೩೯ರಲ್ಲಿ ಆಧಾರವನ್ನು ಒದಗಿಸಿದನು. ತರಗತಿಯಲ್ಲಿ ೪೦ ಮಕ್ಕಳಿದ್ದರೆ ಪ್ರತಿ ಗುಂಪಿನಲ್ಲಿ ೧೧ ಮಂದಿ ಬರುತ್ತಾರೆ. ಒಂದು ಪ್ರಶ್ನೆಗೆ ಮೇಲಿನವರಲ್ಲಿ ೯ ಮಂದಿ, ಕೆಳಗಿನವರಲ್ಲಿ ೩ ಮಂದಿ ಸರಿಯಾಗಿ ಉತ್ತರಿಸಿದರೆಂದು ಭಾವಿಸೋಣ. ವ್ಯತ್ಯಾಸವಾದ ೬ನ್ನು ೧೧ರಿಂದ ಭಾಗಿಸಿದರೆ ಸುಮಾರು ೦.೫೫ ಬರುತ್ತದೆ, ಇದು ತೃಪ್ತಿಕರ. ವ್ಯತ್ಯಾಸ ಸೊನ್ನೆಯ ಸಮೀಪಕ್ಕೆ ಬಂದರೆ ಪ್ರಶ್ನೆಯನ್ನು ತಿದ್ದಬೇಕು. ಕೆಳಗಿನವರೇ ಹೆಚ್ಚಾಗಿ ಸರಿಯುತ್ತರ ಕೊಟ್ಟಿದ್ದರೆ, ಪ್ರಶ್ನೆಯಲ್ಲಿ ಸಂದಿಗ್ಧತೆಯಿದೆಯೆಂದೋ ನಾವು ಸರಿಯೆಂದುಕೊಂಡ ಉತ್ತರವೇ ಸರಿಯಿಲ್ಲವೆಂದೋ ಶಂಕಿಸಬೇಕು.

ಮೂರನೆಯದಾಗಿ, ನಾಲ್ಕೈದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು 'ಈ ಉತ್ತರ ನಿನಗೆ ಹೇಗೆ ಹೊಳೆಯಿತು, ಮಗು?' ಎಂದು ಕೇಳಬೇಕು. ಅಂಕಿ ಸಂಖ್ಯೆಗಳು ತೋರಿಸದ ದೋಷಗಳು ಈ ಮಾತುಕತೆಯಲ್ಲಿ ಹೊರಬರುತ್ತವೆ.

೮. ಫಲಿತಾಂಶದ ವಿನಿಯೋಗ

ಪರೀಕ್ಷೆಯಲ್ಲಿ ಕಡಮೆ ಅಂಕ ಪಡೆದವರೆಲ್ಲ ಒಂದೇ ಬಗೆಯವರಲ್ಲ. ಗಫ್ ಮತ್ತು ಟನ್‌ಮರ್ ಅವರ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಅಷ್ಟೇ ಕಠಿಣವಾದ ಇನ್ನೊಂದು ಖಂಡವನ್ನು ಅಧ್ಯಾಪಕರು ತಾವೇ ಓದಿ ಹೇಳಿ, ಬಾಯಿಮಾತಿನಲ್ಲಿ ಪ್ರಶ್ನೆಗಳನ್ನು ಕೇಳಬೇಕು. ಕೇಳಿದಾಗ ತಿಳಿದು, ಓದಿದಾಗ ತಿಳಿಯದ ಮಗುವಿಗೆ ಅಡ್ಡಿಯಾಗಿರುವುದು ಅಕ್ಷರ. ಅದಕ್ಕೆ ಒತ್ತಕ್ಷರಗಳ ಅಭ್ಯಾಸ, ಸುಲಭ ಪುಸ್ತಕಗಳ ನಿತ್ಯವಾಚನ ಬೇಕು. ನಿರರ್ಗಳವಾಗಿ ಓದಿಯೂ, ಕೇಳಿಯೂ ತಿಳಿಯದ ಮಗುವಿಗೆ ಅಕ್ಷರಾಭ್ಯಾಸದಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ಪದಸಂಪತ್ತು, ಕಥೆ, ಸಂಭಾಷಣೆ. ಹೇಳಿದ ವಿಷಯವನ್ನು ಹುಡುಕಬಲ್ಲದು, ಹೇಳದಿದ್ದುದನ್ನು ಊಹಿಸಲಾರದು ಎಂಬ ಮಗುವಿನೊಡನೆ ತರಗತಿಯಲ್ಲಿ 'ಏಕೆ', 'ಹೇಗೆ ಗೊತ್ತಾಯಿತು' ಎಂಬ ಪ್ರಶ್ನೆಗಳನ್ನು ಪಾಠದ ನಡುವೆ ಮತ್ತೆ ಮತ್ತೆ ಚರ್ಚಿಸಬೇಕು.

ಈ ಮೂವರನ್ನೂ ಒಂದೇ 'ಹಿಂದುಳಿದವರ ಗುಂಪಿಗೆ' ಸೇರಿಸಿ, ಒಂದೇ ಕಾಪಿಪುಸ್ತಕವನ್ನು ಬರೆಯಿಸಿದರೆ ಇಬ್ಬರಿಗಾದರೂ ನಷ್ಟ ತಪ್ಪದು. ಮಕ್ಕಳ ಶಿಕ್ಷಣ ಹಕ್ಕಿನ ೨೦೦೯ರ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆ ನಡೆಸಲು, ಅನುತ್ತೀರ್ಣರಾದವರನ್ನು ಅಲ್ಲಿಯೇ ಉಳಿಸಲು ಅವಕಾಶವನ್ನು ಕಲ್ಪಿಸಿದೆ. ಪರೀಕ್ಷೆಯ ತೀರ್ಪಿಗೆ ಇಷ್ಟು ಭಾರವಿರುವಾಗ, ಆ ಪರೀಕ್ಷೆ ತಾನು ಅಳೆಯುತ್ತೇನೆಂದು ಹೇಳುವುದನ್ನೇ ಅಳೆಯುತ್ತಿದೆಯೇ ಎಂದು ವಿಚಾರಿಸದಿರುವುದು ಮಗುವಿಗೆ ಬಗೆಯುವ ದ್ರೋಹವೆಂದೇ ಹೇಳಬೇಕಾಗುತ್ತದೆ.

೯. ಉಪಸಂಹಾರ

ಶಿಕ್ಷಕ ತರಬೇತಿಯ ಕಾಲೇಜುಗಳಲ್ಲಿ ಪಾಠಯೋಜನೆಯನ್ನು ಬರೆಯಲು ವಿದ್ಯಾರ್ಥಿಗಳಿಗೆ ತಕ್ಕಷ್ಟು ಅಭ್ಯಾಸ ದೊರೆಯುತ್ತದೆ. ಪ್ರಶ್ನೆಯನ್ನು ಬರೆಯಲು, ಬರೆದ ಪ್ರಶ್ನೆಯನ್ನು ಶೋಧಿಸಲು ದೊರೆಯುವುದು ಕಡಮೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷದಲ್ಲಿ ಎರಡು ಗದ್ಯಖಂಡಗಳನ್ನು ತಾನೇ ರಚಿಸಿ, ತಲಾ ಆರು ಪ್ರಶ್ನೆಗಳನ್ನು ಬರೆದು, ಸಮೀಪದ ಶಾಲೆಯೊಂದರಲ್ಲಿ ಮೇಲೆ ಹೇಳಿದ ಮೂರು ಬಗೆಗಳಿಂದ ಅವನ್ನು ಪರೀಕ್ಷಿಸಿದರೆ, ಕೆಲವೇ ವರ್ಷಗಳಲ್ಲಿ ಕನ್ನಡದ ಶಾಲೆಗಳಿಗೆ ಉಪಯುಕ್ತವಾದ ಪ್ರಶ್ನಸಂಗ್ರಹವೊಂದು ಸಿದ್ಧವಾಗುವುದು. ಅದು ಅನ್ಯಭಾಷೆಯ ಪರೀಕ್ಷೆಗಳ ಅನುವಾದವಾಗಿರದೆ, ನಮ್ಮ ನುಡಿಯ ಪ್ರತ್ಯಯ, ಸರ್ವನಾಮ, ನುಡಿಗಟ್ಟುಗಳ ಕೀಲುಗಳನ್ನು ಬಲ್ಲ ಪರೀಕ್ಷೆಯಾಗಿರುವುದು. ಈ ಕಾರ್ಯಕ್ಕೆ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಮನಸ್ಸು ಮಾಡಬೇಕೆಂದು ನಾವು ಆಶಿಸುತ್ತೇವೆ.